ಇವತ್ತು ಏನು ಬರಲಿಲ್ಲ?

ಜೂನ್ 9

ಪ್ರೀತಿಯ ಪುಟ್ಟಾ,

"ಹೇಳದ ಮಾತು ಬಾಗಿಲ ಬಳಿ ನಿಂತಿದೆ, ... ಕೊಡೆಯಂತೆ."

ಎಂಥ ಕೊಡೆ? ಒದ್ದೆ ಕೊಡೆಯೋ, ಮಡಿಸಿದ ಕೊಡೆಯೋ? ಬೆಳಗಿನಿಂದ ಈ ಸಾಲು ಬಾಯಲ್ಲಿ ಕೂತಿದೆ, ನಡುವಿನ ಪದ ಮಾತ್ರ ಬಿದ್ದುಹೋಗಿದೆ. ಒದ್ದೆ ಕೊಡೆಯಾದರೆ ಆ ಮಾತು ಈಗಷ್ಟೇ ಬಂದದ್ದು, ಇನ್ನೂ ಹನಿಯುತ್ತಿದೆ. ಮಡಿಸಿದ ಕೊಡೆಯಾದರೆ ಎಷ್ಟೋ ಕಾಲದಿಂದ ಅಲ್ಲೇ ಇದೆ, ಧೂಳು ಹಿಡಿದಿದೆ. ಒಂದು ಪದಕ್ಕೆ ಸಾಲಿನ ವಯಸ್ಸೇ ಬದಲಾಗುತ್ತದೆ ನೋಡು. ಅದೂ ಅಲ್ಲದೆ ನನಗೊಂದು ತಕರಾರಿದೆ: ಹೇಳದ ಮಾತು ಬಾಗಿಲಲ್ಲಿ ಯಾಕೆ ನಿಲ್ಲಬೇಕು? ಅದು ಇರುವುದು ಒಳಗೆ ತಾನೇ? ನಾನು ಎಂ.ಎ. ಓದುವಾಗ ಈ ಕವಿತೆಯನ್ನು ಗಟ್ಟಿಯಾಗಿ ಓದಿ ನಿನ್ನ ತಲೆ ತಿನ್ನುತ್ತಿದ್ದೆ. ನೆನಪಿದ್ದರೆ ಬರೆ.

ಹೊಸ ಹುದ್ದೆ ಹೇಗಿದೆ? "ಮಾಹಿತಿ ನಿರ್ವಹಣೆ" ಎಂದು ನೀನು ಬರೆದಿದ್ದೆ. ಎದುರು ಮನೆಯ ಕಂಡಕ್ಟರಮ್ಮನಿಗೆ ಹೇಳಿದೆ. "ಅಂದ್ರೆ ಸೈನ್ಯದಲ್ಲೂ ಎಲ್ರ ಮನೆ ವಿಷಯ ತಿಳ್ಕೊಳ್ಳೋ ಕೆಲ್ಸ ಇದ್ಯಾ? ನಂಗೆ ಗೊತ್ತಿದ್ರೆ ಬಸ್ಸಿಗ್ಯಾಕೆ ಸೇರ್ತಿದ್ದೆ ಮೇಡಂ" ಎಂದಳು. ಅವಳು ಮನೆಯಲ್ಲಿ ಮಾತಾಡಿದರೂ ಹಿಂದಿನ ಸೀಟಿನವರಿಗೆ ಕೇಳಿಸಬೇಕು.

ಇಲ್ಲಿ ಎಲ್ಲ ಹಾಗೇ ಇದೆ. ಪ್ರಕಾಶಕರು ಪ್ರೂಫ್ ಕಳಿಸುತ್ತಾರೆ, ನಾನು ತಿದ್ದಿ ವಾಪಸು ಮಾಡುತ್ತೇನೆ. ನಲ್ಲಿಯೊಂದು ಸೋರುತ್ತಿದೆ. ಬೇರೇನಿಲ್ಲ.

ನಿನ್ನ ಅಕ್ಕ

*

ಜೂನ್ 21

ಅಕ್ಕಾ,

ಕೊಡೆ ಎಂಥದ್ದೋ ನನಗೆ ಗೊತ್ತಿಲ್ಲ. ನಿನ್ನ ಕವಿತೆಗಳಿಂದ ನನಗೆ ಉಳಿದದ್ದು ಆ ವರ್ಷ ಗಣಿತದಲ್ಲಿ ಬಂದ ಅಂಕ ಮಾತ್ರ. ಪುಸ್ತಕ ನಿನ್ನ ಕಪಾಟಿನಲ್ಲೇ ಇದೆಯಲ್ಲ, ನೀಲಿ ರಟ್ಟಿನದು? ಎದ್ದು ನೋಡುವುದು ಬಿಟ್ಟು ಇಷ್ಟು ದೂರಕ್ಕೆ ಪತ್ರ ಬರೆಯುತ್ತೀಯ. ಸೋಮಾರಿ!

ಸೋರುತ್ತಿರುವ ನಲ್ಲಿ ಯಾವುದು? ಅಡುಗೆಮನೆಯದೋ ಬಚ್ಚಲಿನದೋ? ಯಾವತ್ತಿನಿಂದ? ವಾಷರ್ ಹೋಗಿದೆಯೋ ಪೈಪೇ ಹೋಗಿದೆಯೋ? ಪ್ಲಂಬರಿಗೆ ಹೇಳಿದೆಯಾ? ಏನಂದ? ಮೊದಲೇ ಯಾಕೆ ತಿಳಿಸಲಿಲ್ಲ? ಮತ್ತೆ, ಅಕ್ಷರ ಯಾಕೆ ಇಷ್ಟು ದಪ್ಪ? ನನಗೇ ವಯಸ್ಸಾಯಿತು ಅಂದುಕೊಂಡೆಯಾ? ಸಾಲುಗಳೂ ಗುಡ್ಡ ಹತ್ತಿ ಇಳಿದಿವೆ. ಕಂಡಕ್ಟರಮ್ಮನ ಬಸ್ಸಿನಲ್ಲಿ ಕೂತು ಬರೆದೆಯಾ?

ಇಲ್ಲಿಯ ಕೆಲಸದ ಬಗ್ಗೆ ಹೇಳುವಷ್ಟು ಹೇಳುತ್ತೇನೆ. ಕಿಟಕಿಯಿಲ್ಲದ ಒಂದು ಹಾಲ್. ಫೋನನ್ನು ಗೇಟಿನಲ್ಲೇ ಡಬ್ಬಿಗೆ ಹಾಕಿ ಬರಬೇಕು. ಒಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ಗೋಡೆಯ ತುಂಬ ಒಂದು ಪರದೆ, ಅದರ ಮೇಲೆ ನಮ್ಮ ಒಂದೊಂದು ಕಾವಲು ಠಾಣೆಗೂ ಒಂದೊಂದು ಚುಕ್ಕೆ. ಎಲ್ಲ ಸರಿಯಿದ್ದರೆ ಹಸಿರು, ತೊಂದರೆಯಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ಜನರಲ್ ಸಾಹೇಬರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು: "ಮದ್ದುಗುಂಡು ಎಲ್ಲಿ ಎಷ್ಟಿದೆ ಅಂತ ಲೆಕ್ಕ ಇಡ್ತೀವಿ, ಡೀಸೆಲ್ ಲೆಕ್ಕ ಇಡ್ತೀವಿ. ಸುದ್ದೀನೂ ಅಷ್ಟೇ ದೊಡ್ಡ ಬಲ ಕಣಯ್ಯಾ. ಅದು ಬೇಕಾದವನ ಕೈಗೆ ಬೇಕಾದ ಹೊತ್ತಿಗೆ ಸಿಗೋ ಹಾಗೆ ಮಾಡು. ಸೆಪ್ಟೆಂಬರಿನಲ್ಲಿ ಸಮರಾಭ್ಯಾಸ ಇದೆ, ಅಲ್ಲಿ ತೋರಿಸು."

ತೊಂದರೆ ಏನು ಗೊತ್ತಾ? ಪರದೆ ಪೂರ್ತಿ ಹಸಿರು. ಯಾವಾಗ ನೋಡಿದರೂ ಹಸಿರು. "ಇಷ್ಟು ಹಸಿರು ನಾನು ತೋಟದಲ್ಲೂ ನೋಡಿಲ್ಲ" ಎಂದರು ಸಾಹೇಬರು. ಹೋದ ವಾರ ಒಂದು ಠಾಣೆಗೆ ಸಾಮಾನಿನ ಲಾರಿ ಹೋದಾಗ ನೋಡಿದರೆ ಅಲ್ಲಿ ಜನರೇಟರ್ ಕೆಟ್ಟು ಎಷ್ಟೋ ದಿನವಾಗಿದೆ, ಹುಡುಗರು ಟಾರ್ಚಿನ ಬೆಳಕಿನಲ್ಲಿ ಊಟ ಮಾಡುತ್ತಿದ್ದಾರೆ. ಆದರೆ ಪ್ರತಿದಿನ "ಎಲ್ಲ ಸರಿ" ಎಂದು ವರದಿ ಕಳಿಸಿದ್ದಾರೆ! ಒಳ್ಳೆಯ ಹುಡುಗರು, ಕಳ್ಳರಲ್ಲ. ಯಾಕೆ ಹೀಗೆ ಮಾಡುತ್ತಾರೆ? ನೀನು ಓದಿಕೊಂಡವಳು, ಹೇಳು.

ನಿನ್ನ ತಮ್ಮ

*

ಜುಲೈ 1

(ಅಂಚೆಗೆ ಹಾಕದ್ದು)

ಪುಟ್ಟಾ,

ಇದನ್ನು ಬರೆದು ನಿಘಂಟಿನೊಳಗೆ ಇಡುತ್ತೇನೆ. ನಿನಗೆ ಕಳಿಸುವುದಿಲ್ಲ. ಯಾರಿಗಾದರೂ ಒಮ್ಮೆ ನೇರವಾಗಿ ಹೇಳಿಬಿಡಬೇಕು, ಅದಕ್ಕೆ.

ಆ ಪುಸ್ತಕ ತೆಗೆದು ನೋಡಿದೆನಪ್ಪಾ. ಸಾಲು ಇದೆ, ಪುಟ ಇದೆ. ನಾನು ಯಾವ ಪದವನ್ನು ನೋಡುತ್ತೇನೋ ಆ ಪದ ಇಲ್ಲ. ಅದರ ಅಕ್ಕಪಕ್ಕದವು ಇವೆ. ಅಕ್ಕಪಕ್ಕಕ್ಕೆ ಕಣ್ಣು ತಿರುಗಿಸಿದರೆ ಅವು ಹೋಗುತ್ತವೆ.

ಬಲಗಣ್ಣಿನ ಒಳಪರದೆಯ ನಟ್ಟನಡುವೆ ತೂತು ಬಿದ್ದಿದೆಯಂತೆ. ಎಡಗಣ್ಣು ಚಿಕ್ಕಂದಿನಿಂದಲೂ ಮಂದ ಎಂಬುದು ನಿನಗೆ ಗೊತ್ತು. ನಾನು ಇಷ್ಟು ವರ್ಷ ಓದಿದ್ದು, ತಿದ್ದಿದ್ದು, ಅನ್ನ ತಿಂದದ್ದು ಎಲ್ಲ ಈ ಬಲಗಣ್ಣಿನಿಂದ. ಮೇ ತಿಂಗಳಲ್ಲಿ ಒಂದು ಪುಸ್ತಕದ ಹೆಸರಿನಲ್ಲೇ ತಪ್ಪು ಬಿಟ್ಟುಬಿಟ್ಟೆ. ಒಳಗಿನ ಅಡಿಟಿಪ್ಪಣಿಗಳನ್ನೆಲ್ಲ ತಿದ್ದಿ, ಮುಖಪುಟದಲ್ಲಿ ಎಲ್ಲರೂ ಮೊದಲು ನೋಡುವ ಜಾಗದಲ್ಲಿ ಬಿಟ್ಟೆ. ಪ್ರಕಾಶಕರು, "ಮೇಡಂ, ಇದು ನೀವೇ ನೋಡಿದ್ದಾ?" ಎಂದರು. ಅಂದೇ ಡಾಕ್ಟರ ಹತ್ತಿರ ಹೋದದ್ದು.

ಆಪರೇಷನ್ ಮಾಡಿದರೆ ತೂತು ಮುಚ್ಚಬಹುದು. ಆದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಆಗಬೇಕು. ಬಿಟ್ಟರೆ ಅಗಲವಾಗುತ್ತದೆ, ಆಮೇಲೆ ಮುಚ್ಚುವ ಭರವಸೆ ಇಲ್ಲ. ಕಣ್ಣೊಳಗೆ ಗಾಳಿಯ ಗುಳ್ಳೆ ಬಿಡುತ್ತಾರೆ. ಅದು ಹಿಂದಕ್ಕೆ ಒತ್ತಿಕೊಂಡಿರಲು ಹತ್ತು ದಿನ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟವೂ ಹಾಗೇ, ನಿದ್ದೆಯೂ ಹಾಗೇ. "ಮನೆಯಲ್ಲಿ ಯಾರಿದ್ದಾರೆ?" ಎಂದು ಡಾಕ್ಟರ್ ಕೇಳಿದರು. "ಇದ್ದಾರೆ" ಎಂದು ಬಂದೆ.

ನಿನಗೆ ಹೇಳಿದರೆ ಏನಾಗುತ್ತದೆ ಎಂದು ಗೊತ್ತು. ಒಂದು ನಲ್ಲಿಗೆ ಅಷ್ಟು ಪ್ರಶ್ನೆ ಕೇಳಿದವನು ಕಣ್ಣಿಗೆ ಎಷ್ಟು ಕೇಳುವೆ? ಯಾವ ಡಾಕ್ಟರು, ಎಷ್ಟು ಓದಿದ್ದಾರೆ, ಇನ್ನೊಬ್ಬರಿಗೆ ತೋರಿಸಿದೆಯಾ, ಮೊದಲೇ ಯಾಕೆ ಹೇಳಲಿಲ್ಲ. ಉತ್ತರ ಕೊಡುವಷ್ಟು ಶಕ್ತಿ ಈಗ ನನಗಿಲ್ಲ ಪುಟ್ಟಾ. ಮೇಲಾಗಿ ನಿನ್ನ ಸಮರಾಭ್ಯಾಸವೂ ಸೆಪ್ಟೆಂಬರಿನಲ್ಲೇ.

*

ಜುಲೈ 3

ಪ್ರೀತಿಯ ಪುಟ್ಟಾ,

ನಲ್ಲಿ ಸರಿಯಾಯಿತು. ಬಚ್ಚಲಿನದು. ವಾಷರ್. ಪ್ಲಂಬರ್ "ಇಷ್ಟೇನಾ" ಎಂದು ಮೂತಿ ತಿರುಗಿಸಿ ಹೋದ. ಎಲ್ಲ ಪ್ರಶ್ನೆಗೂ ಉತ್ತರ ಬಂತೇ? ಒಂದಕ್ಕೆ ಬಂದಿಲ್ಲ, "ಮೊದಲೇ ಯಾಕೆ ತಿಳಿಸಲಿಲ್ಲ" ಎಂಬುದಕ್ಕೆ. ಅದಕ್ಕೆ ಉತ್ತರ ಕೊಟ್ಟರೆ ನಿನ್ನ ಹಸಿರು ಪರದೆಗೂ ಉತ್ತರ ಸಿಗುತ್ತದೆ ಅನಿಸುತ್ತದೆ.

ಆ ಹುಡುಗರು ಇದಕ್ಕೆ ಮೊದಲು ಯಾವಾಗಲಾದರೂ ನಿಜ ಹೇಳಿದ್ದರೇ? ಹೇಳಿದಾಗ ನಿಮ್ಮ ಕಡೆಯಿಂದ ಏನು ಹೋಯಿತು ಎಂದು ಹುಡುಕಿ ನೋಡು. ಸಾಮಾನು ಹೋಯಿತೋ, ಪ್ರಶ್ನೆ ಹೋಯಿತೋ? ಜನರೇಟರ್ ಕೆಟ್ಟಿದೆ ಎಂದವನಿಗೆ "ಯಾರ ಪಾಳಿಯಲ್ಲಿ ಕೆಟ್ಟಿತು, ಯಾಕೆ ಕೆಡಲು ಬಿಟ್ಟಿರಿ" ಎಂದು ಕೇಳಿದ್ದರೆ, ಅವನು ಮುಂದಿನ ಸಲ ಟಾರ್ಚ್ ಹಚ್ಚಿಕೊಂಡು ಊಟ ಮಾಡುತ್ತಾನೆ. ಕತ್ತಲೆಗೆ ಹೊಂದಿಕೊಳ್ಳಬಹುದು. ಪ್ರಶ್ನೆಗೆ ಹೊಂದಿಕೊಳ್ಳುವುದು ಕಷ್ಟ.

ಯಾರಾದರೂ "ಎಲ್ಲ ಹಾಗೇ ಇದೆ" ಎಂದು ಬರೆದರೆ ಅದು ಸುದ್ದಿಯಲ್ಲ ಪುಟ್ಟಾ. ಅದು ಬಾಗಿಲು ಹಾಕಿಕೊಂಡ ಸದ್ದು.

ಇಲ್ಲಿ ಎಲ್ಲ ಹಾಗೇ ಇದೆ.

ನಿನ್ನ ಅಕ್ಕ

*

ಜುಲೈ 19

ಅಕ್ಕಾ, ಅಕ್ಕಾ, ಅಕ್ಕಾ,

ನಿನ್ನನ್ನು ಸೈನ್ಯಕ್ಕೆ ಸೇರಿಸಬೇಕಿತ್ತು! ಹಳೆಯ ವರದಿಗಳನ್ನೆಲ್ಲ ತೆಗೆಸಿದೆ. ನೀನು ಹೇಳಿದ್ದೇ ಸರಿ. ಯಾವ ಠಾಣೆ "ಸರಿಯಿಲ್ಲ" ಎಂದರೂ ಇಲ್ಲಿಂದ ತಾನೇ ತಾನಾಗಿ ಹದಿನೆಂಟು ಪ್ರಶ್ನೆಗಳ ಒಂದು ಹಾಳೆ ಹೋಗುತ್ತಿತ್ತು. ಉತ್ತರ ಬರುವವರೆಗೆ ಸಾಮಾನು ಹೊರಡುತ್ತಿರಲಿಲ್ಲ. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ, ಎಲ್ಲರೂ ಪಾಲಿಸಿಕೊಂಡು ಬಂದಿದ್ದಾರೆ.

ಆ ಹಾಳೆಯನ್ನು ಕಿತ್ತುಹಾಕಿದೆ. ಹೊಸ ಪದ್ಧತಿ ಏನೆಂದರೆ, ಯಾವ ವರದಿಗಾದರೂ ನಮ್ಮಿಂದ ಹೋಗುವ ಮೊದಲ ಮಾರುತ್ತರದಲ್ಲಿ ಎರಡೇ ಮಾತು. "ಸಿಕ್ಕಿತು. ಏನು ಬೇಕು?" ಉಳಿದ ವಿಚಾರಣೆಯೆಲ್ಲ ಬೇಕಾದದ್ದು ತಲುಪಿದ ಮೇಲೆ.

ವಾರದೊಳಗೆ ಪರದೆ ಸಾಸಿವೆ ಹೊಲದ ಹಾಗೆ ಹಳದಿಯಾಯಿತು. ಸಾಹೇಬರು ಬಂದು ನೋಡಿ ಹೌಹಾರಿದರು. "ಏನಯ್ಯಾ, ನೀನು ಬಂದ್ಮೇಲೆ ನನ್ನ ಸೈನ್ಯ ಕೆಟ್ಟುಹೋಯ್ತಲ್ಲ!"

"ಕೆಟ್ಟಿದ್ದು ಮೊದಲೇ ಸರ್. ಈಗ ಕಾಣ್ತಿದೆ ಅಷ್ಟೆ."

"ಸೆಪ್ಟೆಂಬರಿನಲ್ಲಿ ಹೀಗೇ ಕಂಡರೆ ನಿನ್ನ ಕಿವಿ ಹಿಂಡ್ತೀನಿ" ಎಂದು ಹೋದರು. ಅವರಿಗೆ ಖುಷಿಯಾಗಿದೆ ಎಂದು ಅವರ ಡ್ರೈವರ್ ಹೇಳಿದ.

ಇನ್ನೊಂದು ಅಭ್ಯಾಸ ನನ್ನ ಕೈಕೆಳಗಿನ ಕ್ಯಾಪ್ಟನ್ ಹೇಳಿಕೊಟ್ಟದ್ದು. ಚುರುಕಾದ ಹೆಣ್ಣುಮಗಳು. ದಿನಾ ಸಂಜೆ ಕೆಲಸ ಮುಗಿಸುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಕೇಳುತ್ತಾಳೆ: "ಇವತ್ತು ಏನು ಬರಲಿಲ್ಲ?" ಬಂದದ್ದನ್ನು ಎಲ್ಲರೂ ನೋಡುತ್ತಾರೆ, ಬರಬೇಕಾಗಿದ್ದು ನಿಂತದ್ದನ್ನು ಯಾರೂ ನೋಡುವುದಿಲ್ಲ ಎಂಬುದು ಅವಳ ವಾದ. ಒಂದು ಠಾಣೆಯ ವೈರ್‌ಲೆಸ್ ಹುಡುಗ ಪ್ರತಿ ವರದಿಯ ಕೊನೆಗೆ "ಇಂದೂ ಗಾಳಿ, ಇಂದೂ ಧೂಳು, ಇಂದೂ ನಾವು" ಎಂದು ಸೇರಿಸುತ್ತಿದ್ದ. ನಿಯಮಕ್ಕೆ ವಿರುದ್ಧ, ಆದರೆ ಎಲ್ಲರಿಗೂ ಇಷ್ಟ. ಮೊನ್ನೆ ಅದು ಬರಲಿಲ್ಲ. ವರದಿ ಮಾತ್ರ "ಎಲ್ಲ ಸರಿ" ಎಂದಿತ್ತು. ಕ್ಯಾಪ್ಟನ್ "ಏನು ಬೇಕು?" ಎಂದು ಕಳಿಸಿದಳು. "ಡಾಕ್ಟರು" ಎಂದು ಬಂತು. ಹುಡುಗನಿಗೆ ಮೈ ಸುಡುವ ಜ್ವರ. ನಮಗೆ ತೊಂದರೆ ಕೊಡಬಾರದೆಂದು ಸುಮ್ಮನಿದ್ದನಂತೆ!

ಎಂಥ ಜನ ಅಕ್ಕಾ! ಹೇಳಿದ್ದರೆ ಏನಾಗುತ್ತಿತ್ತು?

ನಿನ್ನ ತಮ್ಮ

*

ಆಗಸ್ಟ್ 2

ಪ್ರೀತಿಯ ಪುಟ್ಟಾ,

ಬಲಗೈ ಉಳುಕಿದೆ, ಅದಕ್ಕೆ ಕಂಡಕ್ಟರಮ್ಮನಿಂದ ಬರೆಸುತ್ತಿದ್ದೇನೆ. ಗಾಬರಿಯಾಗುವಂಥದ್ದೇನಿಲ್ಲ. ನಿನ್ನ ಪತ್ರ ಓದಿ ತುಂಬ ಸಂತೋಷವಾಯಿತು. ಆ ಜ್ವರದ ಹುಡುಗ ಈಗ ಹೇಗಿದ್ದಾನೆ? ಅವನನ್ನು ಬೈಯಬೇಡ. ತೊಂದರೆ ಕೊಡಬಾರದು ಎನ್ನುವುದೂ ಒಂದು ಪ್ರೀತಿಯೇ, ದಡ್ಡ ಪ್ರೀತಿ.

ಇಲ್ಲಿ ಎಲ್ಲ ಹಾಗೇ ಇದೆ.

ನಿನ್ನ ಅಕ್ಕ

ನಮಸ್ಕಾರ ಸಾರ್, ನಾನು ಎದುರು ಮನೆಯವಳು. ಅಕ್ಷರ ಚೆನ್ನಾಗಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ. ಹೇಳಿದ್ದಷ್ಟೇ ಬರಿ ಅಂದ್ರು ಮೇಡಂ. ಅಷ್ಟೇ ಬರ್ದಿದ್ದೀನಿ.

*

ಆಗಸ್ಟ್ 13

ಅಕ್ಕಾ,

ನಿನ್ನೆ ಸಂಜೆ ಕೆಲಸ ಮುಗಿಸಿ ಬಂದು ನಿನ್ನ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆ. ಹೋದ ವರ್ಷದವೂ ಸೇರಿ. ಕ್ಯಾಪ್ಟನ್ ಕೇಳುವ ಪ್ರಶ್ನೆಯನ್ನೇ ಕೇಳಿಕೊಂಡೆ: ಏನು ಬರಲಿಲ್ಲ?

ಹೋದ ವರ್ಷ ಒಂದೊಂದು ಪತ್ರದ ಕೊನೆಗೂ ನೀನು ಹೊಸದಾಗಿ ಓದಿದ ಒಂದು ಕವಿತೆಯ ನಾಲ್ಕು ಸಾಲು ಇರುತ್ತಿತ್ತು. ನಾನು ಓದದೆ ದಾಟಿಸುತ್ತಿದ್ದೆ, ಒಪ್ಪುತ್ತೇನೆ. ಈ ಏಪ್ರಿಲ್ ಆದಮೇಲೆ ಒಂದೂ ಇಲ್ಲ. ಬಂದ ಒಂದೇ ಒಂದು ಸಾಲಿನಲ್ಲಿ ಪದ ಇಲ್ಲ, ಆ ಪದ ನಿನ್ನ ಕೈಗೆಟುಕುವ ಪುಸ್ತಕದಲ್ಲಿದೆ. ನಾನು ನಿನ್ನನ್ನು ಸೋಮಾರಿ ಎಂದು ಬೈದಿದ್ದೇನೆ. ಕೈ ಉಳುಕುವುದಕ್ಕೆ ಬಹಳ ಮೊದಲೇ ಅಕ್ಷರ ದಪ್ಪವಾಗಿದೆ. ಅದಕ್ಕೂ ತಮಾಷೆ ಮಾಡಿದ್ದೇನೆ. ಬಾಗಿಲು ಹಾಕಿಕೊಂಡ ಸದ್ದು ಎಂದು ನೀನೇ ಹೇಳಿಕೊಟ್ಟೆ, ಅದರ ಕೆಳಗಿನ ಸಾಲಿನಲ್ಲೇ ಬಾಗಿಲು ಹಾಕಿದೆ. ನಾನು ಆ ಪತ್ರವನ್ನು ಸಾಹೇಬರಿಗೆ ಓದಿ ತೋರಿಸಿ ಶಹಬ್ಬಾಸ್ ಗಿಟ್ಟಿಸಿಕೊಂಡೆ.

ರಾತ್ರಿ ಕೂತು ಪ್ರಶ್ನೆಗಳನ್ನು ಬರೆದೆ. ಎಣಿಸಲಿಲ್ಲ, ಎರಡು ಪುಟವಾಯಿತು. ಹರಿದು ಹಾಕಿದೆ.

ಸಿಕ್ಕಿತು ಅಕ್ಕಾ. ಏನು ಬೇಕು?

ನಿನ್ನ ತಮ್ಮ

*

ಆಗಸ್ಟ್ 21

ಪುಟ್ಟಾ,

ಇದನ್ನೂ ಕಂಡಕ್ಟರಮ್ಮನೇ ಬರೆಯುತ್ತಿದ್ದಾಳೆ. ನಿನ್ನ ಪತ್ರ ಓದಿ ಹೇಳಿದವಳೂ ಅವಳೇ. ಕೊನೆಯ ಸಾಲಿಗೆ ಬಂದಾಗ ಜೋರಾಗಿ ಮೂಗು ಸೀಟಿದಳು. "ನೋಡಿ ಮೇಡಂ, ಧೂಳು" ಎಂದಳು. ಬಾಗಿಲು ಕಿಟಕಿ ಎಲ್ಲ ಹಾಕಿತ್ತು.

ಕಣ್ಣಿನ ಕಥೆಯನ್ನು ಜುಲೈಯಲ್ಲೇ ಬರೆದು ನಿಘಂಟಿನಲ್ಲಿ ಇಟ್ಟಿದ್ದೆ. ಅದನ್ನೂ ಈ ಲಕೋಟೆಯಲ್ಲಿ ಹಾಕಿದ್ದೇನೆ. ನಿನ್ನ ಎರಡು ಪುಟಗಳ ಬಹುಪಾಲು ಪ್ರಶ್ನೆಗೆ ಅದರಲ್ಲಿ ಉತ್ತರವಿದೆ.

ಏನು ಬೇಕು ಎಂದು ಕೇಳಿದೆ. ಹೀಗೆ ನನ್ನನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು, ಹಾಗಾಗಿ ಎರಡು ದಿನ ಯೋಚಿಸಬೇಕಾಯಿತು. ಸೆಪ್ಟೆಂಬರ್ ಹನ್ನೊಂದಕ್ಕೆ ಆಪರೇಷನ್ ಗೊತ್ತು ಮಾಡಿಸಿದ್ದೇನೆ. ಆಮೇಲಿನ ಹತ್ತು ದಿನ ತಟ್ಟೆ ಕೈಗೆ ಕೊಡಲು, ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧಿ ಬಿಡಲು, ನಾನು ನಿದ್ದೆಯಲ್ಲಿ ಮಗ್ಗುಲಾದರೆ ತಟ್ಟಿ ಎಬ್ಬಿಸಲು ಒಬ್ಬರು ಬೇಕು. ಕಂಡಕ್ಟರಮ್ಮ ರಜೆ ಹಾಕುತ್ತೇನೆ ಎಂದಳು, ಅವಳಿಗೆ ರಜೆ ಕೊಡಲಿಲ್ಲ. ಗಟ್ಟಿಯಾಗಿ ಓದುವವರೂ ಆದರೆ ಒಳ್ಳೆಯದು.

ಸಮರಾಭ್ಯಾಸ ಯಾವ ತಾರೀಖಿಗೆ ಎಂದು ನಾನು ಕೇಳುವುದಿಲ್ಲ. ಬರಲಾಗದಿದ್ದರೆ "ಆಗುವುದಿಲ್ಲ" ಎಂದು ಬರೆ. ಅದೂ ಸುದ್ದಿಯೇ. ಸಂಬಳಕ್ಕೆ ನರ್ಸ್ ಗೊತ್ತುಮಾಡಿಕೊಳ್ಳುತ್ತೇನೆ.

ನಿನ್ನ ಅಕ್ಕ

*

ಆಗಸ್ಟ್ 31

ಅಕ್ಕಾ,

ಹತ್ತನೇ ತಾರೀಖು ಮಧ್ಯಾಹ್ನ ಬರುತ್ತೇನೆ.

ಸಮರಾಭ್ಯಾಸವೂ ಅದೇ ವಾರ. ಸಾಹೇಬರ ಮುಂದೆ ಹೋಗಿ ನಿಂತೆ. ಎರಡು ತಿಂಗಳಿನಿಂದ ಕಟ್ಟಿದ್ದನ್ನು ತೋರಿಸಬೇಕಾದ ದಿನ ನಾನೇ ಇರುವುದಿಲ್ಲ ಎಂದು ಹೇಳುವುದು ಸುಲಭವಿರಲಿಲ್ಲ. ಇದರ ಮೇಲೆಯೇ ನನ್ನ ಮುಂದಿನ ಬಡ್ತಿ ನಿಂತಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀನಿಲ್ಲದಿದ್ರೆ ಅದು ನಡೆಯತ್ತಾ?"

"ನಡೀಬೇಕು ಸರ್. ನಾನೊಬ್ಬ ಇದ್ರೆ ಮಾತ್ರ ನಡೆಯೋದಾದ್ರೆ ನಾನು ಕಟ್ಟಿದ್ದು ಏನೂ ಅಲ್ಲ. ಕ್ಯಾಪ್ಟನ್ ನೋಡ್ಕೊಳ್ತಾಳೆ."

"ಎಡವಿದ್ರೆ?"

"ಎಡವಿದ್ದು ನಿಮಗೆ ತಕ್ಷಣ ಗೊತ್ತಾಗತ್ತೆ ಸರ್. ಮೊದಲು ಅದೂ ಗೊತ್ತಾಗ್ತಿರಲಿಲ್ಲ."

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ರಜೆ ಚೀಟಿಗೆ ಸಹಿ ಹಾಕಿ ಕೊಡುವಾಗ, "ಯಾರಿಗೆ ಹುಷಾರಿಲ್ಲ?" ಎಂದರು.

"ಆ ಪತ್ರ ಬರೆದ ಅಕ್ಕನಿಗೆ ಸರ್."

"ಮತ್ತೆ ಇನ್ನೂ ಇಲ್ಲೇ ಯಾಕ್ ನಿಂತಿದ್ದೀಯ?" ಎಂದು ರೇಗಿದರು.

ನನಗೆ ಅಡುಗೆ ಬರುವುದಿಲ್ಲ ಎಂದು ಮೊದಲೇ ತಿಳಿಸುತ್ತಿದ್ದೇನೆ. ಹಳದಿ ಚುಕ್ಕೆ.

ನಿನ್ನ ತಮ್ಮ

*

ನವೆಂಬರ್ 4

ಪ್ರೀತಿಯ ಪುಟ್ಟಾ,

ನನ್ನ ಕೈಯಾರೆ ಬರೆಯುತ್ತಿದ್ದೇನೆ. ಅಕ್ಷರ ಇನ್ನೂ ದಪ್ಪವೇ, ಬೈಯಬೇಡ. ತೂತು ಮುಚ್ಚಿದೆ ಎಂದು ಡಾಕ್ಟರ್ ಚಿತ್ರ ತೋರಿಸಿದರು. ಬಾಗಿಲಿನ ಚೌಕಟ್ಟು ನಡುವೆ ಒಂಚೂರು ಸೊಟ್ಟ ಕಾಣುತ್ತದೆ, ಅದು ಹಾಗೇ ಉಳಿಯಬಹುದಂತೆ. ಪ್ರೂಫ್ ಕೆಲಸ ಮೊದಲಿನಷ್ಟು ಆಗುವುದಿಲ್ಲ, ಅರ್ಧ ಮಾಡುತ್ತೇನೆ. ಇದು "ಎಲ್ಲ ಹಾಗೇ ಇದೆ" ಅಲ್ಲ. ಹೀಗಿದೆ.

ಕ್ಯಾಪ್ಟನ್ ಸಮರಾಭ್ಯಾಸವನ್ನು ದಡ ಮುಟ್ಟಿಸಿದ್ದಕ್ಕೆ ಅವಳಿಗೆ ನನ್ನ ಅಭಿನಂದನೆ ತಿಳಿಸು. ಎರಡು ಕಡೆ ಎಡವಿದರೂ ಸಾಹೇಬರಿಗೆ ಕೂಡಲೇ ಗೊತ್ತಾಯಿತು ಎಂದೆಯಲ್ಲ, ಅದು ನನಗೆ ಹೆಚ್ಚು ಇಷ್ಟವಾಯಿತು. ನಿನ್ನ ಬಡ್ತಿ ಇನ್ನೊಂದು ವರ್ಷ ಮುಂದೆ ಹೋದದ್ದನ್ನು ನೀನು ಪತ್ರದ ಕೊನೆಯಲ್ಲಿ ಸಣ್ಣಕ್ಕೆ ಬರೆದಿದ್ದೀಯ. ಸಿಕ್ಕಿತು. ಏನು ಬೇಕು?

ಆ ಹತ್ತು ದಿನಗಳಲ್ಲಿ ನಾನು ಕಂಡದ್ದು ನೆಲ ಮತ್ತು ನಿನ್ನ ಪಾದ. ಎಡಗಣ್ಣಿನ ಮಂದ ನೋಟಕ್ಕೆ ಅವು ಥೇಟ್ ಅಪ್ಪನ ಪಾದಗಳ ಹಾಗೇ ಕಾಣುತ್ತಿದ್ದವು. ನಿನ್ನ ಗಂಜಿ ಚೆನ್ನಾಗಿರಲಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕವಿತೆಯನ್ನು ನೀನು ದಿನದ ಆಜ್ಞೆಯಂತೆ ಓದುತ್ತೀಯ. ಪ್ರೇಮ ಕವಿತೆಗೂ "ಕೂಡಲೇ ಜಾರಿಗೆ ಬರತಕ್ಕದ್ದು" ಎಂಬ ಧಾಟಿ. ದಿಂಬಿಗೆ ಮುಖ ಒತ್ತಿಕೊಂಡು ನಗುವುದು ಎಷ್ಟು ಕಷ್ಟ ಗೊತ್ತಾ?

ನೀಲಿ ರಟ್ಟಿನ ಪುಸ್ತಕದಲ್ಲಿ ಒಂದು ಪುಟ ಮಾತ್ರ ಬಿಟ್ಟು ಓದು ಎಂದಿದ್ದೆನಲ್ಲ, ನೀನೂ ಕಳ್ಳತನದಿಂದ ನೋಡಲಿಲ್ಲ. ಮೊನ್ನೆ ಭೂತಗನ್ನಡಿ ಹಿಡಿದು ನಾನೇ ಓದಿದೆ. ಒದ್ದೆ ಕೊಡೆಯೂ ಅಲ್ಲ, ಮಡಿಸಿದ ಕೊಡೆಯೂ ಅಲ್ಲ. "ಹೇಳದ ಮಾತು ಬಾಗಿಲ ಬಳಿ ನಿಂತಿದೆ, ಯಾರದೋ ಕೊಡೆಯಂತೆ." ಯಾರದೋ! ಇಷ್ಟು ವರ್ಷ ಅದು ನನ್ನದೇ ಎಂದುಕೊಂಡಿದ್ದೆ.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ನೀನು ಬಂದ ಮಧ್ಯಾಹ್ನ ಬೆಲ್ ಒತ್ತದೆ ಬಹಳ ಹೊತ್ತು ಹೊರಗೇ ನಿಂತಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ನೆರಳು ಕಾಣುತ್ತಿತ್ತು. ಆ ಎರಡು ಪುಟದ ಪ್ರಶ್ನೆಗಳನ್ನು ನುಂಗಿಕೊಳ್ಳುತ್ತಿದ್ದೆಯೇನೋ. ನಾನೂ ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ತೆಗೆದರೆ ಅತ್ತುಬಿಡುತ್ತೇನೆ ಎಂದು ತೆಗೆಯಲಿಲ್ಲ. ನಡುವೆ ಒಂದು ಹಲಗೆ, ಅಕ್ಕ ಈಚೆ, ತಮ್ಮ ಆಚೆ. ಅಷ್ಟರಲ್ಲಿ ಪಾಳಿ ಮುಗಿಸಿ ಮೆಟ್ಟಿಲು ಹತ್ತಿ ಬಂದ ಕಂಡಕ್ಟರಮ್ಮ ನಿನ್ನನ್ನು ನೋಡಿದಳು. ಅವಳು ಹೇಳಿದ್ದು ನಿನಗೊಬ್ಬನಿಗೇ ಕೇಳಿಸಿತು ಎಂದುಕೊಂಡಿದ್ದೀಯ. ನನಗೂ ಕೇಳಿಸಿತು, ಬೀದಿಗೆಲ್ಲ ಕೇಳಿಸಿರಬೇಕು.

"ಏನ್ ಸಾರ್, ಬಾಗಿಲಲ್ಲೇ ನಿಂತ್ಬಿಟ್ರೆ ಹೇಗೆ? ಒಳಗೆ ಹೋಗಿ, ಒಳಗೆ ಹೋಗಿ. ಒಳಗೆ ಬೇಕಾದಷ್ಟು ಜಾಗ ಇದೆ!"